ಯಂತ್ರ ಎದೆಬಡಿತ ಕೇಳುವಾಗ ಕೈ ತೆಗೆಯಿರಿ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊತ್ತ ಹಮಾಲರೊಬ್ಬರು ಕುಸಿದುಬಿದ್ದರು ಎಂದುಕೊಳ್ಳಿ. ಹೃದಯ ಬಡಿಯುವ ಬದಲು ಬರೀ ಅದುರುತ್ತಿದ್ದರೆ, ಯಾರೂ ಎದೆ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಅಲ್ಲಿ ಜೀವ ಉಳಿಸಬಲ್ಲದ್ದು ಶಾಕ್ ಕೊಡುವ ಎಇಡಿ ಯಂತ್ರ. 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯಿಂದ ಅದರ ಹೆಸರು ನಮ್ಮ ಕಡೆಯೂ ಕೇಳಿಬರುತ್ತಿದೆ.

ಮೊದಲು ಭುಜ ತಟ್ಟಿ ಕೂಗಿ. ಎಚ್ಚರವಿಲ್ಲ, ಉಸಿರಿಲ್ಲ, ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುತ್ತಾರಷ್ಟೇ ಎಂದರೆ ತಡ ಬೇಡ. ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಯಂತ್ರ ತರಲಿ. ನೀವು ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ.

ಯಂತ್ರ ಬಂದ ಕೂಡಲೇ ಆನ್ ಮಾಡಿ. ಅದು ಕನ್ನಡದಲ್ಲೇ ಮಾತಾಡುತ್ತದೆಂಬ ಖಾತರಿಯಿಲ್ಲ, ಪ್ಯಾಡ್ ಮೇಲಿನ ಚಿತ್ರ ನೋಡಿ. ಬೆವರು, ಮೆಣಸಿನ ಧೂಳು ಒರೆಸಿ, ಒಂದನ್ನು ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದನ್ನು ಎಡಕಂಕುಳ ಕೆಳಗಿನ ಪಕ್ಕೆಗೆ ಅಂಟಿಸಿ. ಕೊರಳೆಲುಬಿನ ಕೆಳಗೆ ಪೇಸ್‌ಮೇಕರ್‌ನ ಉಬ್ಬು ಕಂಡರೆ ಅದರ ಮೇಲೆ ಬೇಡ, ನಾಲ್ಕು ಬೆರಳು ಸರಿಸಿ.

ಈಗ ಯಂತ್ರ ಹೃದಯದ ಲಯ ಪರೀಕ್ಷಿಸುತ್ತದೆ. ಅದು ಹುಡುಕುವ ವಿದ್ಯುತ್ ಸಂಕೇತ ಒಂದು ಮಿಲಿವೋಲ್ಟ್ ಆಸುಪಾಸಿನದು, ಅಷ್ಟು ಸಣ್ಣದು. ನೀವು ಮುಟ್ಟಿದರೂ, ಮೈ ಅಲುಗಿದರೂ ಅದು ಕಲಸಿಹೋಗುತ್ತದೆ. ರಾಣೆಬೆನ್ನೂರಿನ ದಾರಿಯಲ್ಲಿ ವಾಹನದೊಳಗೆ ಇದ್ದರೆ ಆ ಕ್ಷಣ ವಾಹನ ನಿಲ್ಲಿಸಲೇಬೇಕು. ಪೊಲೀಸರ ವಾಕಿಟಾಕಿ, ಮೊಬೈಲ್ ಎರಡು ಮೀಟರ್ ದೂರವಿರಲಿ. ಇದಕ್ಕೆ ಹೆದರಿ 108ರ ಕರೆ ಕತ್ತರಿಸಬೇಡಿ, ಮಾತಾಡುವವರು ನಾಲ್ಕು ಹೆಜ್ಜೆ ಆಚೆ ಹೋದರೆ ಸಾಕು.

ಶಾಕ್ ಬೇಕೆಂದು ಯಂತ್ರ ಹೇಳಿದರೆ "ಯಾರೂ ಮುಟ್ಟಬ್ಯಾಡ್ರೀ!" ಎಂದು ಗಟ್ಟಿಯಾಗಿ ಕೂಗಿ, ಸುತ್ತ ಒಮ್ಮೆ ನೋಡಿ, ಗುಂಡಿ ಒತ್ತಿ. ಶಾಕ್ ಆದ ಮರುಕ್ಷಣ ನಾಡಿ ಹುಡುಕುತ್ತ ಕೂರದೆ ಮತ್ತೆ ಎದೆ ಒತ್ತಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಎರಡು ನಿಮಿಷಕ್ಕೊಮ್ಮೆ ಯಂತ್ರ ತಾನೇ ಮತ್ತೆ ಪರೀಕ್ಷಿಸುತ್ತದೆ. ಶಾಕ್ ಬೇಡ ಎಂದರೆ ಹುಷಾರಾದರು ಎಂದಲ್ಲ, ಉಸಿರು ಬರದಿದ್ದರೆ ಒತ್ತುತ್ತಲೇ ಇರಿ.

ಕಣ್ಣು ಬಿಟ್ಟರೂ ಪ್ಯಾಡ್ ಕೀಳಬೇಡಿ, ಯಂತ್ರ ಆರಿಸಬೇಡಿ. 108ರವರು ಬಂದು ನೋಡಲಿ.