ಕಲ್ಲಿಗಲ್ಲ, ಪಕ್ಕಕ್ಕೆ ಬಿಗಿಯಿರಿ

ಗ್ರಾನೈಟ್ ಕಟ್ಟೆಯ ಕೆಳಗೆ ಡಿಶ್‌ವಾಷರ್ ಕೂರಿಸಲು ಹೊರಟವರು ನೀರಿನ ಪೈಪು, ಪ್ಲಗ್ ಪಾಯಿಂಟ್, ಅಗಲ, ಎತ್ತರ ಎಲ್ಲವನ್ನೂ ವಿಚಾರಿಸುತ್ತಾರೆ. ಯಂತ್ರವನ್ನು ಯಾವುದಕ್ಕೆ ಬಿಗಿಯಬೇಕು ಎಂಬ ಪ್ರಶ್ನೆ ಮಾತ್ರ ಕೊನೆಯವರೆಗೂ ಏಳುವುದಿಲ್ಲ. ಅದು ಏಳುವ ಹೊತ್ತಿಗೆ ಕಲ್ಲು ಕೂತಿರುತ್ತದೆ, ಕಾರ್ಪೆಂಟರ್ ಹಣ ತೆಗೆದುಕೊಂಡು ಹೋಗಿರುತ್ತಾರೆ, ಫಿಟ್ಟಿಂಗ್‌ಗೆ ಬಂದ ಹುಡುಗ ಪೆಟ್ಟಿಗೆಯಲ್ಲಿದ್ದ ತಗಡಿನ ಪಟ್ಟಿಗಳನ್ನು ಕೈಗೆ ಕೊಟ್ಟು "ಇದು ನಿಮ್ಮ ಕಟ್ಟೆಗೆ ಬರಲ್ಲ" ಎನ್ನುತ್ತಾನೆ. ಅವನು ಹೇಳುವುದರಲ್ಲಿ ಅರ್ಧ ನಿಜ. ಆ ಪಟ್ಟಿಗಳನ್ನು ಮೇಲಕ್ಕೆ ಬಿಗಿಯುವ ಕ್ರಮ ಮರದ ಕಟ್ಟೆಗೆ ಹೇಳಿದ್ದು. ಸ್ಕ್ರೂ ಮರ ಕಚ್ಚುತ್ತದೆ, ಕಲ್ಲು ಕಚ್ಚುವುದಿಲ್ಲ. ಆದರೆ ಯಂತ್ರವನ್ನು ಪಕ್ಕದ ಹಲಗೆಗೆ ಬಿಗಿಯುವ ದಾರಿ ಬಹಳಷ್ಟು ಬಿಲ್ಟ್-ಇನ್ ಮಾದರಿಗಳಲ್ಲಿ ಇದೆ. ಅದನ್ನು ಹೇಳದೆ ಹೋಗುವುದನ್ನು ನಾನು ಸಣ್ಣ ಮರೆವು ಎಂದು ಬಿಟ್ಟುಬಿಡಲಾರೆ.

ಯಾಕೆ ಬಿಗಿಯಲೇಬೇಕು? "ನಲವತ್ತು ಕಿಲೋ ಯಂತ್ರ, ಅದೆಲ್ಲಿ ಅಲುಗಾಡುತ್ತೆ" ಎಂಬ ವಾದ ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. ಬಾಗಿಲು ಮುಚ್ಚಿರುವವರೆಗೆ ಅದು ಸರಿ. ಬಾಗಿಲು ತೆರೆದು ಅಡ್ಡ ಮಲಗಿಸಿದಾಗ ಅದು ಮುಂಗಾಲುಗಳಿಂದ ಸುಮಾರು ಎರಡು ಅಡಿ ಆಚೆಗೆ ಚಾಚುತ್ತದೆ. ಕೆಳಗಿನ ಟ್ರೇ ಪೂರ್ತಿ ಎಳೆದರೆ ಕುಕ್ಕರು, ಬಾಣಲೆ, ಸ್ಟೀಲ್ ಪಾತ್ರೆಗಳ ಭಾರವೆಲ್ಲ ಆ ಬಾಗಿಲ ಮೇಲೆ. ಮುಂಗಾಲೇ ಆಸರೆಯಾಗಿ ಹಿಂಗಾಲು ಏಳುತ್ತದೆ. ಒಂಟಿಯಾಗಿ ನಿಲ್ಲಿಸುವ ಮಾದರಿಗಳಲ್ಲಿ ಅನೇಕವಕ್ಕೆ ಇದಕ್ಕೆಂದೇ ಬುಡದಲ್ಲಿ ಭಾರ ಕೊಟ್ಟಿರುತ್ತಾರೆ. ಬಿಲ್ಟ್-ಇನ್ ಯಂತ್ರ ಸುತ್ತಲಿನ ಕಪಾಟನ್ನು ನಂಬಿಕೊಂಡಿರುತ್ತದೆ. ಬಾಗಿಲಿಗೆ ಮರದ ಮುಖ ಬೇರೆ ಅಂಟಿಸಿದ್ದರೆ ಮುಂಭಾರ ಇನ್ನಷ್ಟು. ಮೇಲಿನ ಕಲ್ಲೇ ತಡೆಯುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ತಡೆಯುತ್ತದೆ, ಹಿಂದಿನ ಮೇಲಂಚು ಕಲ್ಲಿನ ತಳಕ್ಕೆ ಬಡಿದ ಮೇಲೆ. ಅಷ್ಟರಲ್ಲಿ ತಳದಲ್ಲಿ ನಿಂತ ನೀರು ಮುಂದಕ್ಕೆ ಬಂದಿರುತ್ತದೆ, ಮೇಲಿನ ಟ್ರೇಯ ಗಾಜಿನ ಲೋಟಗಳು ಜಾರಿರುತ್ತವೆ, ಯಂತ್ರ ಒಂದಿಷ್ಟು ಹೊರಗೆ ಸರಿದು ಹಿಂದಿನ ಪೈಪನ್ನು ಜಗ್ಗಿರುತ್ತದೆ. ದಿನಾ ಹೀಗಾದರೆ ಮಟ್ಟ ತಪ್ಪುತ್ತದೆ, ಬಾಗಿಲು ಸರಿಯಾಗಿ ಕೂರದೆ ನೀರು ಸೋರಲು ಶುರುವಾಗುತ್ತದೆ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ, ತೆರೆದ ಬಾಗಿಲು ಅದರ ಕೈಗೆಟುಕುವ ಎತ್ತರದಲ್ಲೇ ಇರುತ್ತದೆ ಎಂಬುದನ್ನು ಯಾರೂ ಮರೆಯಬಾರದು.

ಕಲ್ಲಿಗೇ ತೂತು ಹೊಡೆದರಾಯಿತು ಎನ್ನುವವರಿಗೆ ನನ್ನ ಉತ್ತರ ಕಲ್ಲಿನ ದಪ್ಪದಲ್ಲಿದೆ. ನಮ್ಮ ಅಡುಗೆಕಟ್ಟೆಗಳಿಗೆ ಸಾಮಾನ್ಯವಾಗಿ ಹಾಕುವ ಗ್ರಾನೈಟ್ 18ರಿಂದ 20 ಮಿಲಿಮೀಟರ್. ಚಾಮರಾಜನಗರದ ಕಪ್ಪು ಕಲ್ಲಾಗಲಿ, ಇಳಕಲ್ಲಿನ ಕೆಂಪು ಕಲ್ಲಾಗಲಿ, ಗಟ್ಟಿತನದ ಜೊತೆಗೆ ಪೆಡಸುತನವೂ ಇರುತ್ತದೆ. ತಲೆ ಮೇಲೆತ್ತಿ, ಕಿರಿದಾದ ಜಾಗದಲ್ಲಿ, ಗೋಡೆ ಕೊರೆಯುವ ಹ್ಯಾಮರ್ ಡ್ರಿಲ್ಲಿನಿಂದ ಕೆಳಗಿನಿಂದ ಹೊಡೆದರೆ ಮೇಲಿನ ಪಾಲಿಶ್ ಮುಖ ಚಕ್ಕೆ ಏಳಬಹುದು, ಸಿಂಕಿನ ಕಟಿಂಗ್ ಹತ್ತಿರವಿದ್ದರೆ ಬಿರುಕು ಅಲ್ಲಿಯವರೆಗೂ ಓಡಬಹುದು. ಪೂರ್ತಿ ಕಲ್ಲನ್ನು ಪಣಕ್ಕಿಟ್ಟು ಎರಡು ಸ್ಕ್ರೂ ಕೂರಿಸುವುದು ಬುದ್ಧಿವಂತಿಕೆಯಲ್ಲ. ಸಿಲಿಕೋನ್ ಹಚ್ಚಿ ಪಟ್ಟಿ ಅಂಟಿಸುವುದೂ ನಂಬುವಂಥದ್ದಲ್ಲ. ಅದು ಸಂದು ಮುಚ್ಚುವ ವಸ್ತು, ಬಿಸಿ ಹಬೆ ಮತ್ತು ದಿನನಿತ್ಯದ ಜಗ್ಗಾಟವನ್ನು ಹೊರುವ ವಸ್ತುವಲ್ಲ. ಬೇರೆ ಗತಿಯೇ ಇಲ್ಲದಿದ್ದರೆ ಎಪಾಕ್ಸಿಯಿಂದ ಗಟ್ಟಿಮರದ ಪಟ್ಟಿಯನ್ನು ಕಲ್ಲಿನ ತಳಕ್ಕೆ ಅಂಟಿಸಿ, ಆ ಮರಕ್ಕೆ ಸ್ಕ್ರೂ ಕೊಡಬಹುದು. ಆಗಲೂ ತಳದಲ್ಲಿ ಕೂತ ಕಲ್ಲುಪುಡಿಯನ್ನು ಚೆನ್ನಾಗಿ ಒರೆಸಿ ಒಣಗಿಸಬೇಕು, ಒಂದು ದಿನವಾದರೂ ಕೆಳಗಿನಿಂದ ಊರುಗೋಲು ಕೊಟ್ಟು ಬಿಡಬೇಕು.

ನಮ್ಮ ಕಟ್ಟೆಗಳ ದೊಡ್ಡ ತೊಡಕು ಬೇರೆಯೇ. ಕಲ್ಲನ್ನು ಹೊತ್ತು ನಿಂತಿರುವುದು ಮರದ ಕಪಾಟಲ್ಲ, ನೆಟ್ಟಗೆ ನಿಲ್ಲಿಸಿದ ಕಡಪ ಕಲ್ಲು ಅಥವಾ ಇಟ್ಟಿಗೆ ಗೋಡೆ. ಹಾಗಾದರೆ ಪಕ್ಕಕ್ಕೆ ಬಿಗಿಯುವುದಾದರೂ ಎಲ್ಲಿಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ನೀರಿಗೆ ತಡೆಯುವ ಪ್ಲೈವುಡ್ ಹಲಗೆಯನ್ನು ಎರಡೂ ಪಕ್ಕ ನಿಲ್ಲಿಸಿ, ಹಿಂಗೋಡೆಗೂ ನೆಲಕ್ಕೂ ಎಲ್ ಆಂಗಲ್ ಕೊಟ್ಟು ಭದ್ರ ಮಾಡಿ, ಯಂತ್ರವನ್ನು ಅದಕ್ಕೆ ಬಿಗಿಯಬೇಕು. ಇದಕ್ಕೆ ಎರಡೂ ಕಡೆ ಹಲಗೆಯ ದಪ್ಪದಷ್ಟು ಜಾಗ ಮೊದಲೇ ಬಿಟ್ಟಿರಬೇಕು: 60 ಸೆಂಟಿಮೀಟರ್ ಯಂತ್ರಕ್ಕೆ 60 ಸೆಂಟಿಮೀಟರ್ ಗೂಡು ಸಾಲದು. ಎತ್ತರದಲ್ಲೂ ಕಲ್ಲಿನ ತಳಕ್ಕೆ ಸುಮಾರು 82 ಸೆಂಟಿಮೀಟರ್ ಬೇಕು. ಗೂಡಿನ ಬುಡದಲ್ಲಿ ನಾಲ್ಕಿಂಚಿನ ಕಡಪದ ಮೆಟ್ಟಿಲು ಕಟ್ಟಿದ್ದರೆ ಆ ಅಳತೆ ಸಿಗುವುದೇ ಇಲ್ಲ. ಒಳಾಂಗಣ ವಿನ್ಯಾಸಕರು ಬಣ್ಣದ ಚಿತ್ರದಲ್ಲಿ ಯಂತ್ರ ತೋರಿಸುತ್ತಾರೆ, ಈ ಅಳತೆಗಳನ್ನು ಮೇಸ್ತ್ರಿಗೆ ತಲುಪಿಸುವುದಿಲ್ಲ. ತಪ್ಪು ಹೊರಬೇಕಾದವರು ಅವರೇ ಎಂದು ನಾನು ಹೇಳುತ್ತೇನೆ.

ಯಂತ್ರ ಆಯ್ಕೆ ಮಾಡಿ, ಅದರ ಫಿಟ್ಟಿಂಗ್ ಚಿತ್ರವನ್ನು ಮೇಸ್ತ್ರಿ ಮತ್ತು ಕಾರ್ಪೆಂಟರ್ ಇಬ್ಬರ ಕೈಗೂ ಕೊಟ್ಟ ಮೇಲೆಯೇ ಕಲ್ಲು ಕೂರಿಸಲು ಒಪ್ಪಿ. ಪಕ್ಕದ ಸ್ಕ್ರೂ ಬಿಗಿದು, ತುಂಬಿದ ಟ್ರೇ ಎಳೆದು ತೋರಿಸುವವರೆಗೆ ಫಿಟ್ಟಿಂಗ್ ಚೀಟಿಗೆ ಸಹಿ ಹಾಕಬೇಡಿ.