ತೊಡೆಸಂದಿನ ತುರಿಕೆ: ಕಾರಣ ಅರಿತು ಔಷಧ ಹಚ್ಚಿ

ಕ್ಷೇತ್ರೋತ್ಸವಗಳಲ್ಲಿ ಭತ್ತದ ಬೆಂಕಿರೋಗದ ಬಗ್ಗೆ ಎಲ್ಲರೆದುರು ಪ್ರಶ್ನೆ ಕೇಳುವ ರೈತ ಬಾಂಧವರು, ತಮ್ಮ ಮೈಮೇಲಿನ ಶಿಲೀಂಧ್ರದ ವಿಷಯ ಬಂದಾಗ ಮಾತ್ರ ಬದಿಗೆ ಕರೆದು ಮೆಲ್ಲಗೆ ಕೇಳುತ್ತಾರೆ. ತೊಡೆಸಂದಿನ ತುರಿಕೆಯನ್ನು ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಟ್ಟು, ಕೊನೆಗೆ ಔಷಧದ ಅಂಗಡಿಯವರು ಕೊಟ್ಟ ಯಾವುದೋ ಟ್ಯೂಬನ್ನು ಹಚ್ಚಿಕೊಳ್ಳುವುದೇ ಹೆಚ್ಚು. ತುರಿಕೆ ವರ್ಷಗಟ್ಟಲೆ ವಾಸಿಯಾಗದೆ ಉಳಿಯಲು ಎಷ್ಟೋ ವೇಳೆ ಆ ಟ್ಯೂಬೇ ಕಾರಣವಾಗಿರುತ್ತದೆ. ನಾನು ಬೇಸಾಯಶಾಸ್ತ್ರದವನು, ವೈದ್ಯನಲ್ಲ. ಆದರೆ ಮೊದಲು ರೋಗ ಗುರುತಿಸಬೇಕು, ಆಮೇಲೆ ಔಷಧ ಎಂಬ ನಿಯಮ ಬೆಳೆಗೆ ಹೇಗೋ ಮೈಗೂ ಹಾಗೆಯೇ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಹುಳುಕಡ್ಡಿ. ಹೆಸರಿನಲ್ಲಿ ಹುಳು ಇದ್ದರೂ ಇದು ಹುಳುವಲ್ಲ, ಚರ್ಮದ ಮೇಲ್ಪದರವನ್ನು ತಿಂದು ಬದುಕುವ ಶಿಲೀಂಧ್ರ. ಕೆಸರುಗದ್ದೆಯ ಕೆಲಸ, ಬೆವರು, ದಿನವಿಡೀ ಮೈಗಂಟಿದ ಒದ್ದೆ ಚಡ್ಡಿ ಇದಕ್ಕೆ ಹದವಾದ ನೆಲ. ತೊಡೆಯ ಒಳಬದಿಯಲ್ಲಿ ಕೆಂಪು ಅಥವಾ ಕಂದು ಮಚ್ಚೆ ಎದ್ದು ಹೊರಕ್ಕೆ ಹರಡುತ್ತದೆ. ಅಂಚು ಉಬ್ಬಿ ಹೊಟ್ಟೇಳುತ್ತದೆ, ನಡುಭಾಗ ತಿಳಿಯಾಗುತ್ತದೆ. ಸಾಮಾನ್ಯವಾಗಿ ವೃಷಣದ ಚೀಲಕ್ಕೆ ಇದು ತಗಲುವುದಿಲ್ಲ. ಕಾಲ್ಬೆರಳ ಸಂದಿನಲ್ಲೂ ಇದೇ ಶಿಲೀಂಧ್ರ ಇರಬಹುದು. ಅಲ್ಲಿಂದ ಚಡ್ಡಿ ಹಾಕಿಕೊಳ್ಳುವಾಗ ಮೇಲಕ್ಕೆ ಬರುತ್ತದೆ. ಆದ್ದರಿಂದ ಪಾದಕ್ಕೂ ಚಿಕಿತ್ಸೆ ಮಾಡದೆ ತೊಡೆಗೆ ಮಾತ್ರ ಮಾಡಿದರೆ ಪ್ರಯೋಜನವಿಲ್ಲ.

ವೃಷಣದ ಚೀಲವೂ ಕೆಂಪಾಗಿ ಒಸರುತ್ತಿದ್ದು, ಸುತ್ತಲೂ ಸಣ್ಣ ಸಣ್ಣ ಗುಳ್ಳೆಗಳಿದ್ದರೆ ಅದು ಕ್ಯಾಂಡಿಡಾ ಎಂಬ ಬೇರೊಂದು ಶಿಲೀಂಧ್ರವಿರಬಹುದು. ಇದು ಮರುಕಳಿಸುತ್ತಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಅಗತ್ಯ. ರಾತ್ರಿ ಹೊತ್ತು ತುರಿಕೆ ಹೆಚ್ಚಿ, ಬೆರಳ ಸಂದು, ಮಣಿಕಟ್ಟು, ಜನನಾಂಗದ ಮೇಲೆ ಗುಳ್ಳೆಗಳಿದ್ದು, ಮನೆಯವರೆಲ್ಲ ಕೆರೆದುಕೊಳ್ಳುತ್ತಿದ್ದರೆ ಕಜ್ಜಿ. ಇದು ನುಸಿಯಿಂದ ಬರುವುದು. ಮನೆಮಂದಿಯೆಲ್ಲ ಒಂದೇ ದಿನ ಔಷಧ ಹಚ್ಚದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಹೇನು, ಸಾಬೂನು, ಹೊಸ ಬಟ್ಟೆಯ ಬಣ್ಣ ಇವುಗಳಿಂದಲೂ ತುರಿಕೆ ಬರುವುದುಂಟು.

ಈಗ ಟ್ಯೂಬಿನ ವಿಷಯ. ಅಂಗಡಿಯಲ್ಲಿ ಹೆಚ್ಚಾಗಿ ಕೊಡುವುದು ಶಿಲೀಂಧ್ರನಾಶಕ, ಬ್ಯಾಕ್ಟೀರಿಯಾನಾಶಕ ಮತ್ತು ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಮುಲಾಮು. ಯಾವ ರೋಗವೆಂದು ತಿಳಿಯದೆ ಮೂರು ಔಷಧಗಳನ್ನು ಒಂದೇ ಡ್ರಮ್ಮಿನಲ್ಲಿ ಕಲಸಿ ಸಿಂಪಡಿಸುವ ಪದ್ಧತಿಯನ್ನು ನಾವು ಹೊಲದಲ್ಲೂ ಒಪ್ಪುವುದಿಲ್ಲ. ಸ್ಟೀರಾಯ್ಡ್ ಎರಡೇ ದಿನದಲ್ಲಿ ಕೆಂಪು ಮತ್ತು ತುರಿಕೆಯನ್ನು ಅಡಗಿಸುತ್ತದೆ, ಚರ್ಮದ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ರೋಗದ ಎಲೆಗೆ ಹಸಿರು ಬಣ್ಣ ಬಳಿದಂತೆ ಮೇಲೆ ಚೆನ್ನಾಗಿ ಕಾಣುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ. ಹಚ್ಚುವುದನ್ನು ಬಿಟ್ಟೊಡನೆ ಇಮ್ಮಡಿಯಾಗಿ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಯ ಚರ್ಮ ತೆಳುವಾಗಿ ಶಾಶ್ವತ ಬರೆಗಳು ಬೀಳುತ್ತವೆ. ಇಂತಹ 14 ಸ್ಟೀರಾಯ್ಡ್ ಔಷಧಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲಿ ಕೇಂದ್ರ ಸರ್ಕಾರ ಆದೇಶಿಸಿದೆ. ನೀವು ಕೇಳದಿದ್ದರೆ ಅಂಗಡಿಯವರು ಹೇಳುವುದಿಲ್ಲ. ಆದ್ದರಿಂದ "ಇದರಲ್ಲಿ ಸ್ಟೀರಾಯ್ಡ್ ಇದೆಯೇ?" ಎಂದು ಕೇಳಿಯೇ ಕೊಳ್ಳಿ.

ಇನ್ನೊಂದು ತೊಡಕೂ ಸೇರಿಕೊಂಡಿದೆ. ಟರ್ಬಿನಾಫಿನ್ ಎಂಬ ಮುಖ್ಯ ಔಷಧಕ್ಕೆ ಬಗ್ಗದ ಶಿಲೀಂಧ್ರವೊಂದನ್ನು ವಿಜ್ಞಾನಿಗಳು 2020ರಲ್ಲಿ ಗುರುತಿಸಿ, ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ. ಇಂತಹ ಸೋಂಕಿಗೆ ವೈದ್ಯರು ಬೇರೆ ಮಾತ್ರೆಯನ್ನು ಹೆಚ್ಚು ಕಾಲ ಕೊಡಬೇಕಾಗುತ್ತದೆ.

ಆ ಭಾಗದ ಚರ್ಮ ಬಹಳ ತೆಳು ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ನೆನಪಿಡಬೇಕು. ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮುಂಗೈಗಿಂತ ವೃಷಣದ ಚರ್ಮದ ಮೂಲಕ ಸುಮಾರು 42 ಪಟ್ಟು ಹೆಚ್ಚು ಒಳಸೇರುತ್ತದೆಂದು 1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಅಳೆದು ತೋರಿಸಿದರು. 1971ರಲ್ಲಿ ಪ್ಯಾರಾಥಿಯಾನ್ ಕೀಟನಾಶಕವನ್ನು ಪರೀಕ್ಷಿಸಿದಾಗ ಸುಮಾರು 12 ಪಟ್ಟು ಕಂಡುಬಂತು. ಆ ಕೀಟನಾಶಕ ಈಗ ನಮ್ಮಲ್ಲಿ ನಿಷೇಧವಾಗಿದೆ, ಆದರೆ ಚರ್ಮ ಅದೇ. ಸಿಂಪರಣಾ ಯಂತ್ರದ ಮುಚ್ಚಳ ಸಡಿಲವಿದ್ದರೆ ದ್ರಾವಣ ಬೆನ್ನಿನಿಂದ ಸೊಂಟಕ್ಕೆ, ಸೊಂಟದಿಂದ ಚಡ್ಡಿಗೆ ಇಳಿಯುತ್ತದೆ. ಔಷಧ ಮೆತ್ತಿದ ಕೈಯಲ್ಲೇ ಮೂತ್ರಕ್ಕೆ ಹೋಗುವವರೂ ಉಂಟು. ಇದರಿಂದ ಉರಿ, ತುರಿಕೆ ಬರುವುದಷ್ಟೇ ಅಲ್ಲ, ವಿಷವೂ ಮೈಸೇರುತ್ತದೆ. ಮುಚ್ಚಳದ ವಾಷರ್ ನೋಡಿಕೊಳ್ಳಿ. ಮೂತ್ರಕ್ಕೆ ಹೋಗುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಬಟ್ಟೆ ನೆನೆದರೆ ಕೆಲಸ ಮುಗಿಯುವವರೆಗೆ ಕಾಯದೆ ಕಳಚಿ ಸ್ನಾನ ಮಾಡಿ. ಸಿಂಪರಣೆಯ ನಂತರ ತಲೆನೋವು, ವಿಪರೀತ ಬೆವರು, ಜೊಲ್ಲು, ಕಣ್ಣು ಮಂಜಾಗುವಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕಜ್ಜಿಗೆ ಬೆಳೆಯ ಕೀಟನಾಶಕವನ್ನು ನೀರಿಗೆ ಬೆರೆಸಿ ಹಚ್ಚಿಕೊಳ್ಳುವ ಸಾಹಸವನ್ನಂತೂ ಯಾರೂ ಮಾಡಕೂಡದು.

ಹುಳುಕಡ್ಡಿ ಚಿಕ್ಕದಾಗಿದ್ದರೆ ಸ್ಟೀರಾಯ್ಡ್ ಇಲ್ಲದ ಕ್ಲೋಟ್ರಿಮಜೋಲ್ ಮುಲಾಮನ್ನು ದಿನಕ್ಕೆ 2 ಬಾರಿ, ಮಚ್ಚೆಯ ಅಂಚಿನಿಂದ 2 ಸೆಂಟಿಮೀಟರ್ ಆಚೆಯವರೆಗೂ ಹಚ್ಚಿ. ಗುಣವಾದಂತೆ ಕಂಡ ಮೇಲೂ 2 ವಾರ ಮುಂದುವರಿಸಿ. ಕೆಲಸ ಮುಗಿದೊಡನೆ ಒದ್ದೆ ಬಟ್ಟೆ ಬದಲಿಸಿ, ಸಂದುಗಳನ್ನು ಒರೆಸಿ ಒಣಗಿಸಿ. ಚಡ್ಡಿ, ಟವೆಲುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮಳೆಗಾಲದ ಮಲೆನಾಡಿನಲ್ಲಿ ಬಿಸಿಲು ಸಿಗದಿದ್ದರೆ ಇಸ್ತ್ರಿ ಮಾಡಿ. ಒಬ್ಬರ ಟವೆಲನ್ನು ಇನ್ನೊಬ್ಬರು ಬಳಸಬಾರದು. ಉಡಿದಾರ ಕಟ್ಟುವವರು ಹಳೆಯದನ್ನು ತೆಗೆದುಹಾಕಿ, ವಾಸಿಯಾಗುವವರೆಗೆ ಹೊಸದನ್ನು ಕಟ್ಟದಿರುವುದು ಲೇಸು. ಬೆವರು ಹಿಡಿದ ದಾರದಲ್ಲಿ ಶಿಲೀಂಧ್ರ ಉಳಿದುಕೊಳ್ಳುತ್ತದೆ.

2 ರಿಂದ 3 ವಾರಗಳಲ್ಲಿ ಇಳಿಮುಖವಾಗದಿದ್ದರೆ, ಮಚ್ಚೆ ಸೊಂಟ, ಪೃಷ್ಠಕ್ಕೆ ಹರಡಿದರೆ, ಕೀವು ಅಥವಾ ಹುಣ್ಣು ಕಂಡರೆ ಚರ್ಮರೋಗ ತಜ್ಞರಿರುವ ಆಸ್ಪತ್ರೆಗೆ ಹೋಗಿ. ಅಲ್ಲಿ ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರ ಹೌದೋ ಅಲ್ಲವೋ ತಿಳಿಯುತ್ತದೆ. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಜೊತೆಗೆ ಒಯ್ಯಿರಿ. ಇತ್ತೀಚೆಗೆ ಸಿಂಪಡಿಸಿದ ಕೀಟನಾಶಕದ ಹೆಸರನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.