ಹಳೇ ಪಿಕಪ್ ಇಟ್ಟುಕೊಳ್ಳೋದೋ, ಅಗ್ಗದ ಸೆಕೆಂಡ್ ಹ್ಯಾಂಡ್‌ಗೆ ಹೋಗೋದೋ?

ಹನ್ನೆರಡು ವರ್ಷ ದುಡಿದ ಪಿಕಪ್ ಗ್ಯಾರೇಜಿನಲ್ಲಿ ನಿಂತರೆ ಮಾಲೀಕನ ಕಿವಿಗೆ ಎರಡು ಮಾತು ಬೀಳುತ್ತವೆ. "ಇಂಜಿನ್ ಇಳಿಸ್ಬೇಕಣ್ಣ, ಲಕ್ಷದ ಹತ್ರ ಬರುತ್ತೆ" ಅನ್ನುತ್ತಾನೆ ಮೆಕ್ಯಾನಿಕ್. ಅಲ್ಲೇ ಟೀ ಕುಡಿಯುತ್ತಿರುವ ಬ್ರೋಕರ್ ಇನ್ನೊಂದು ಹೇಳುತ್ತಾನೆ: "ಇದಕ್ಯಾಕೆ ದುಡ್ಡು ಸುರೀತೀರ? ಹಂಗೇ ಕೊಟ್ಬಿಡಿ. ಒಂದೂವರೆಗೆ ಒಳ್ಳೇ ಟಾಟಾ ಏಸ್ ಐತೆ, ಕೊಡಿಸ್ತೀನಿ, ಕೈಯಲ್ಲೂ ನಾಲ್ಕು ಕಾಸು ಉಳಿಯುತ್ತೆ." ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಇಬ್ಬರೂ ಹೇಳುತ್ತಿರುವುದು ಅವರವರ ಕೆಲಸದ ಮಾತು. ನಿಮ್ಮ ಲೆಕ್ಕವನ್ನು ನೀವೇ ಹಾಕಬೇಕು. ಮೊದಲ ಸಲ ಹಾಕುವವರಿಗೆ ಅದನ್ನು ಹೇಗೆ ಹಾಕುವುದೆಂದು ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಮುಳಬಾಗಿಲು ಕಡೆಯ ಒಬ್ಬ ಟೊಮೆಟೊ ಬೆಳೆಗಾರನನ್ನು ಊಹಿಸಿಕೊಳ್ಳೋಣ. ಅವನ ಹತ್ತಿರ ಒಂದೂವರೆ ಟನ್ನಿನ ಬೊಲೆರೊ ಪಿಕಪ್ ಇದೆ, ಮಾಲು ಹೋಗುವುದು ಕೋಲಾರ ಎಪಿಎಂಸಿಗೆ.

ಎಲ್ಲರೂ ಬೆಲೆಯಿಂದ ಶುರು ಮಾಡುತ್ತಾರೆ. ನಾವು ಲೋಡಿನಿಂದ ಶುರು ಮಾಡೋಣ.

ಕೋಲಾರದಲ್ಲಿ ಟೊಮೆಟೊ ಬಿಕರಿಯಾಗುವುದು 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ. ಪ್ಲಾಸ್ಟಿಕ್ ಕ್ರೇಟಿನ ತೂಕ ಸೇರಿಸಿ ಒಂದು ಬಾಕ್ಸಿಗೆ 17 ಕೆಜಿ ಹಿಡಿಯಿರಿ. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಹೊರುವುದು ಸುಮಾರು ಮುಕ್ಕಾಲು ಟನ್, ಅಂದರೆ 44 ಬಾಕ್ಸ್. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್‌ನದು ಒಂದೂಕಾಲು ಟನ್, 73 ಬಾಕ್ಸ್. ನಮ್ಮ ಬೆಳೆಗಾರನ ಬೊಲೆರೊದಲ್ಲಿ 88 ಬಾಕ್ಸ್ ಕೂರುತ್ತದೆ. ರಸ್ತೆ ಮೇಲೆ ಇದರ ಎರಡರಷ್ಟು ಹೇರಿಕೊಂಡು ಓಡುವ ಗಾಡಿಗಳಿವೆಯಲ್ಲ ಅನ್ನುತ್ತೀರಿ. ಇವೆ. ಅದರ ಬಿಲ್ಲು ಚಾಸಿಯ ಹತ್ತಿರ ಬರುತ್ತದೆ, ಅಲ್ಲಿಗೆ ಬಂದಾಗ ನೋಡೋಣ.

ಈಗ ಡೀಸೆಲ್. ಮುಳಬಾಗಿಲಿನಿಂದ ಕೋಲಾರಕ್ಕೆ ಹೋಗಿ ಬರಲು 60 ಕಿಲೋಮೀಟರ್ ಅಂದುಕೊಳ್ಳಿ. ಬೊಲೆರೊ ಲೀಟರಿಗೆ 12 ಕೊಟ್ಟರೆ ಒಂದು ಟ್ರಿಪ್ಪಿಗೆ 5 ಲೀಟರ್. ಏಸ್ 18 ಕೊಟ್ಟರೆ 3.3 ಲೀಟರ್. 40 ಬಾಕ್ಸ್ ಇರುವ ದಿನ ಏಸ್ ಗೆಲ್ಲುತ್ತದೆ. ಡೀಸೆಲ್ 90 ರೂಪಾಯಿ ಹಿಡಿದರೆ ಸುಮಾರು 150 ರೂಪಾಯಿ ಉಳಿಯಿತು. ಆದರೆ 80 ಬಾಕ್ಸ್ ಇರುವ ದಿನ ಏಸ್ ಎರಡು ಸಲ ಹೋಗಬೇಕು, 6.7 ಲೀಟರ್ ಕುಡಿಯುತ್ತದೆ. ಮೈಲೇಜ್ ಜಾಸ್ತಿ ಕೊಡುವ ಗಾಡಿಯೇ ಡೀಸೆಲ್ ಜಾಸ್ತಿ ಕುಡಿಯಿತು! ಡ್ರೈವರ್ ಬತ್ತ, ಲೋಡಿಂಗ್ ಕೂಲಿ ಬೇರೆ. ಬೆಳಗಿನ ಹರಾಜಿಗೆ ಎರಡನೇ ಟ್ರಿಪ್ ಮುಟ್ಟದಿದ್ದರೆ ಆಗುವ ನಷ್ಟ ಈ ಎಲ್ಲಕ್ಕಿಂತ ದೊಡ್ಡದು.

ಹಾಗಾದರೆ ನಿಮ್ಮ ದಿನಗಳು ಎಂಥವು? ನೆನಪಿನಿಂದ ಹೇಳಬೇಡಿ. ನೆನಪು ಯಾವಾಗಲೂ ತುಂಬಿದ ಗಾಡಿಯನ್ನೇ ತೋರಿಸುತ್ತದೆ. ಮಂಡಿಯವರು ಕೊಟ್ಟ ಬಿಲ್ಲುಗಳು ಗೋಡೆಯ ಮೊಳೆಗೋ ತಂತಿಗೋ ಚುಚ್ಚಿಕೊಂಡು ಬಿದ್ದಿರುತ್ತವೆ, ಅವನ್ನು ಇಳಿಸಿ. ಪ್ರತಿ ಬಿಲ್ಲಿನಲ್ಲೂ ಬಾಕ್ಸಿನ ಸಂಖ್ಯೆ ಇರುತ್ತದೆ. 44ರ ಒಳಗಿರುವುದು ಒಂದು ಕಟ್ಟು, ಮೇಲಿರುವುದು ಇನ್ನೊಂದು ಕಟ್ಟು. ಮೊದಲ ಕಟ್ಟೇ ದಪ್ಪವಿದ್ದರೆ ಬ್ರೋಕರ್ ಮಾತಿನಲ್ಲಿ ಸತ್ಯವಿದೆ. ದೊಡ್ಡ ಲೋಡಿನ ಆ ನಾಲ್ಕಾರು ದಿನಕ್ಕೆ ಬಾಡಿಗೆ ಗಾಡಿ ಕರೆದರಾಯಿತು. ಎರಡನೆಯ ಕಟ್ಟು ದಪ್ಪವಿದ್ದರೆ ಸಣ್ಣ ಗಾಡಿಯ ಯೋಚನೆಯನ್ನು ಇಲ್ಲಿಗೇ ಬಿಡಿ. ಅಕ್ಕಪಕ್ಕದವರ ಮಾಲನ್ನು ಬಾಡಿಗೆಗೆ ಹೊಡೆಯುವ ರೂಢಿ ನಿಮಗಿದ್ದರೆ ಆ ಆದಾಯವನ್ನೂ ಎರಡನೆಯ ಕಟ್ಟಿಗೇ ಸೇರಿಸಿ.

ಮುಂದಿನ ಕೆಲಸ ನಿಮ್ಮದೇ ಗಾಡಿಯನ್ನು ಕೊಳ್ಳಲು ಬಂದವನ ಕಣ್ಣಿನಿಂದ ನೋಡುವುದು. ಇಂಜಿನ್ ಕೆಟ್ಟಿದೆ ಅಂದ ಮಾತ್ರಕ್ಕೆ ಗಾಡಿ ಮುಗಿಯಿತು ಅಂತಲ್ಲ. ಪಿಸ್ಟನ್ ರಿಂಗ್, ಲೈನರ್, ಬೇರಿಂಗ್, ಕ್ಲಚ್ ಪ್ಲೇಟು, ಇಂಜೆಕ್ಟರ್ ಇವೆಲ್ಲ ಸವೆಯಲೆಂದೇ ಇರುವ, ಬದಲಾಯಿಸಬಹುದಾದ ಭಾಗಗಳು. ಒಳ್ಳೆಯ ಮೆಕ್ಯಾನಿಕ್ ಕೈಯಲ್ಲಿ ಇಂಜಿನ್ ಕೆಲಸ ಆದರೆ ಮುಂದಿನ ಕೆಲವು ವರ್ಷ ಆ ವಿಷಯ ಮರೆಯಬಹುದು. ಹೆದರಬೇಕಾದದ್ದು ಚಾಸಿಗೆ. ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗಿ, ಟಾರ್ಚ್ ಬಿಟ್ಟು ನೋಡಿ. ಕಮಾನ್ ಪಟ್ಟಿ ಚಾಸಿಗೆ ಸೇರುವ ಬ್ರಾಕೆಟ್ಟಿನ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ? ಹಳೇ ವೆಲ್ಡಿಂಗ್ ಇದೆಯಾ? ಮೇಲೆ ಹೇಳಿದ ಓವರ್‌ಲೋಡಿನ ಬಿಲ್ಲು ಬರುವುದು ಇಲ್ಲಿಗೇ. ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಪಟ್ಟಿ ಜಾಸ್ತಿ ಸೇರಿಸಿದ್ದರೆ ಕಮಾನು ಬಾಗದೆ ನಿಲ್ಲುತ್ತದೆ, ಹೊಡೆತ ನೇರ ಚಾಸಿಗೆ ಹೋಗುತ್ತದೆ. ಬಾಡಿಯ ತಗಡು ಬೇರೆ ವಿಷಯ. ಟೊಮೆಟೊ ರಸ, ಕೋಳಿ ಗೊಬ್ಬರ ಬಿದ್ದು ಬಿದ್ದು ಅದು ಜರಡಿಯಾಗಿದ್ದರೂ ಹೊಸ ತಗಡು ಹೊಡೆಸಬಹುದು. ಚಾಸಿಗೆ ಬಿರುಕು ಬಿಟ್ಟಿದ್ದರೆ, ತುಕ್ಕು ಪದರ ಪದರವಾಗಿ ಏಳುತ್ತಿದ್ದರೆ ಇಂಜಿನ್ನಿಗೆ ಲಕ್ಷ ಸುರಿಯುವುದು ದಂಡ. ಅಂಥದ್ದನ್ನು ಮಾರಿಬಿಡಿ, ಆದರೆ ಕೊಳ್ಳುವವನಿಗೆ ತೋರಿಸಿಯೇ ಮಾರಿ.

ಈಗ ದುಡ್ಡಿನ ಲೆಕ್ಕ. ಅಂಕಿಗಳು ಕಲಿಯುವುದಕ್ಕೆಂದು ನಾನು ಇಟ್ಟವು, ನಿಮ್ಮೂರಿನ ದರ ಹಾಕಿಕೊಳ್ಳಿ. ರಿಪೇರಿಗೆ ಇಂಜಿನ್ 90 ಸಾವಿರ, ಕ್ಲಚ್ 12 ಸಾವಿರ, ನಾಲ್ಕು ಟೈರು 28 ಸಾವಿರ, ಒಟ್ಟು ಒಂದು ಲಕ್ಷ 30 ಸಾವಿರ. ರಿಪೇರಿ ಮಾಡಿಸದೆ ಹಾಗೇ ಮಾರಿದರೆ ಎರಡು ಲಕ್ಷ ಬರುತ್ತದೆ, ಏಸ್‌ಗೆ ಒಂದು ಲಕ್ಷ 60 ಸಾವಿರ ಕೊಡಬೇಕು. ಕೈಗೆ ಬಂದ 40 ಸಾವಿರ, ಖರ್ಚು ತಪ್ಪಿದ ಒಂದು ಲಕ್ಷ 30 ಸಾವಿರ, ಕೂಡಿದರೆ ಒಂದು ಲಕ್ಷ 70 ಸಾವಿರ ಲಾಭ. ಬ್ರೋಕರ್ ಲೆಕ್ಕ ಇಲ್ಲಿಗೆ ಮುಗಿಯುತ್ತದೆ.

ನಮ್ಮದು ಮುಗಿಯುವುದಿಲ್ಲ. ಏಸ್ ಮನೆಗೆ ಬಂದ ಮೇಲೆ ಕಮಿಷನ್ನು, ಆರ್‌ಟಿಒ ಖರ್ಚು 12 ಸಾವಿರ. ಮಾರುವವನು ಹೊಸ ಟೈರು ಹಾಕಿ ಮಾರಿರುವುದಿಲ್ಲ, ಅದಕ್ಕೆ 16 ಸಾವಿರ. ಬ್ಯಾಟರಿ 5 ಸಾವಿರ. ಬ್ರೇಕು, ಆಯಿಲು, ಫಿಲ್ಟರು ಒಂದು ಸುತ್ತು ಬದಲಾಯಿಸಲು 15 ಸಾವಿರ. ಎಫ್‌ಸಿಗೆ ಡೆಂಟಿಂಗ್ ಪೇಂಟಿಂಗ್ 15 ಸಾವಿರ. 63 ಸಾವಿರ ಆಯಿತು. ಇಷ್ಟು ಗೊತ್ತಿರುವ ಖರ್ಚು. ಗೊತ್ತಿಲ್ಲದ್ದಕ್ಕೆ, ಅಂದರೆ ಮೂರನೇ ತಿಂಗಳಲ್ಲಿ ಗೇರ್‌ಬಾಕ್ಸ್ ಸದ್ದು ಮಾಡಿದರೆ ಬೇಕೆಂದು, 40 ಸಾವಿರ ತೆಗೆದಿಡಿ. ಒಂದು ಲಕ್ಷ 70 ಸಾವಿರದ ಲಾಭ 67 ಸಾವಿರಕ್ಕೆ ಇಳಿಯಿತು, ಗಾಡಿಯ ಹೊರೆ ಅರ್ಧಕ್ಕಿಳಿಯಿತು.

ಈ ಕೊನೆಯ 40 ಸಾವಿರವನ್ನು ಹೊಸಬರು ಯಾರೂ ಬರೆಯುವುದಿಲ್ಲ, ನಾನು ಒತ್ತಿ ಹೇಳುವುದೂ ಇದನ್ನೇ. ನಿಮ್ಮ ಗಾಡಿಯ ರೋಗ ನಿಮಗೆ ಗೊತ್ತು. ಯಾವ ಏರಿನಲ್ಲಿ ಬಿಸಿಯಾಗುತ್ತದೆ, ಎಷ್ಟು ದಿನಕ್ಕೆ ಆಯಿಲ್ ಹಾಕಬೇಕು, ಡೈನಮೋ ಯಾವಾಗ ಬದಲಾಯಿಸಿದ್ದು ಎಲ್ಲ ಗೊತ್ತು. ಅಗ್ಗದ ಗಾಡಿಯ ರೋಗ ಅದನ್ನು ಮಾರಿದವನಿಗೆ ಮಾತ್ರ ಗೊತ್ತು. ಉಳಿದಂತೆ ಕಾಣುವ ಹಣದ ಒಂದು ಪಾಲು ಆ ಕಾಣದ ರೋಗಕ್ಕೆ ಮೊದಲೇ ಹೋಗಿರುತ್ತದೆ.

ಇನ್ಶೂರೆನ್ಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ: ಸಣ್ಣ ಗಾಡಿಗೆ ಕಂತೂ ಸಣ್ಣದು ಅಂತ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಥರ್ಡ್ ಪಾರ್ಟಿ ದರದಲ್ಲಿ 7,500 ಕೆಜಿ ಒಟ್ಟು ತೂಕದವರೆಗಿನ ಬಾಡಿಗೆ ಸರಕು ಗಾಡಿಗಳಿಗೆಲ್ಲ ಒಂದೇ ಮೊತ್ತ, ತೆರಿಗೆ ಬಿಟ್ಟು 16,049 ರೂಪಾಯಿ. ಏಸ್‌ಗೂ ಅಷ್ಟೇ, ಬೊಲೆರೊಗೂ ಅಷ್ಟೇ. ಸಣ್ಣದರಲ್ಲಿ ತಪ್ಪುವುದು ಪರ್ಮಿಟ್ಟಿನ ತಲೆನೋವು. ಆರ್‌ಸಿಯಲ್ಲಿ ಒಟ್ಟು ತೂಕ 3,000 ಕೆಜಿ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ.

ಕೆಲವರು ಸಣ್ಣದು ಬೇಡ, ಅದೇ ಸೈಜಿನದು ಆದರೆ ನನ್ನದಕ್ಕಿಂತ ಅಗ್ಗದ್ದು ಬೇಕು ಅನ್ನುತ್ತಾರೆ. ನಿಮ್ಮದಕ್ಕಿಂತ ಚೆನ್ನಾಗಿದ್ದೂ ನಿಮ್ಮದಕ್ಕಿಂತ ಅಗ್ಗವಾಗಿದ್ದರೆ ಅದಕ್ಕೊಂದು ಕಾರಣ ಇರಲೇಬೇಕು, ಅದನ್ನು ಹುಡುಕಿ. ಎಫ್‌ಸಿ ತೀರಿರಬಹುದು. ಸರಕು ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಹದಿನೈದು ವರ್ಷ ದಾಟಿದ್ದಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕ ಹಲವು ಪಟ್ಟು ಏರಿದೆ. ಹಾಗಾಗಿ ಹದಿನಾಲ್ಕನೇ ವರ್ಷದಲ್ಲಿ ಮಾರಾಟಕ್ಕೆ ಬರುವ ಗಾಡಿಗಳು ಬಹಳ. ಕಂತು ಕಟ್ಟದ್ದಕ್ಕೆ ಫೈನಾನ್ಸಿನವರು ಸೀಜ್ ಮಾಡಿದ್ದಿರಬಹುದು. ಕಾಗದ ಸರಿಯಿದ್ದರೆ ಇದು ನಿಜವಾಗಿಯೂ ಒಳ್ಳೆಯ ವ್ಯಾಪಾರ. ಬೇರೆ ರಾಜ್ಯದ ನೋಂದಣಿ ಇರಬಹುದು. ಆಗ ಅಲ್ಲಿಂದ ಎನ್‌ಒಸಿ ತಂದು, ಇಲ್ಲಿ ತೆರಿಗೆ ಕಟ್ಟಿ ಕೆಎ ನಂಬರ್ ಪಡೆಯುವವರೆಗಿನ ಖರ್ಚೂ ಓಡಾಟವೂ ನಿಮ್ಮವು. ಕಾರಣ ಸಿಗಲೇ ಇಲ್ಲವೋ, ಅಂಥ ಗಾಡಿಯಿಂದ ದೂರವಿರಿ.

ಬಿಎಸ್6 ಗಾಡಿ ಅಂದರೆ 2020ರ ಏಪ್ರಿಲ್ ನಂತರದ್ದು. ಡೀಸೆಲ್ ಆಗಿದ್ದರೆ ಹೊಗೆ ಸೋಸುವ ಫಿಲ್ಟರು, ಸೆನ್ಸರು ನೋಡಬಲ್ಲ ಮೆಕ್ಯಾನಿಕ್ ನಿಮ್ಮೂರಿನಲ್ಲಿ ಇದ್ದಾನೆಯೇ ಕೇಳಿಕೊಳ್ಳಿ. ಹಳ್ಳಿ ಗ್ಯಾರೇಜಿನ ಸ್ಪ್ಯಾನರಿಗೆ ಬಗ್ಗುವ ಹಳೇ ಇಂಜಿನ್ನಿಗೂ ಒಂದು ಬೆಲೆಯಿದೆ.

ನೋಡಲು ಹೋಗುವಾಗ ಬೆಳಗ್ಗೆಯೇ ಹೋಗಿ, ನೀವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದವರೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ತಣ್ಣನೆಯ ಇಂಜಿನ್ ಸ್ಟಾರ್ಟ್ ಆಗಲು ಎಷ್ಟು ಒದ್ದಾಡುತ್ತದೆ ಅನ್ನುವುದನ್ನು ನಿಮ್ಮಿಂದ ಮರೆಮಾಡಿದ್ದಾರೆ. ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳವನ್ನು ಮೆಲ್ಲನೆ ತಿರುಗಿಸಿ ತೆಗೆದು, ಬಾಯಿಯ ಮೇಲೆ ಸಡಿಲವಾಗಿ ಇಡಿ. ಸಣ್ಣಗೆ ಅಲುಗಿದರೆ ಪರವಾಗಿಲ್ಲ. ಮುಚ್ಚಳ ಕುಣಿದು ಬಿದ್ದು, ಬಿಳಿ ಹೊಗೆ ಪುಸುಪುಸು ಬಂದರೆ ರಿಂಗು ಸವೆದು ಬ್ಯಾಕ್ ಕಂಪ್ರೆಷನ್ ಹೊಡೆಯುತ್ತಿದೆ ಅಂತ ಅರ್ಥ. ಯಾವ ರಿಪೇರಿ ಬೇಡವೆಂದು ನಿಮ್ಮದನ್ನು ಮಾರಿ ಬಂದಿರೋ ಅದೇ ಇಲ್ಲಿ ಕಾದು ಕೂತಿದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ. ಚಾಸಿಯನ್ನು ನಿಮ್ಮ ಗಾಡಿಯಲ್ಲಿ ನೋಡಿದ ಹಾಗೇ ನೋಡಿ. ಗಾಡಿಯೆಲ್ಲ ಹಳತಾಗಿದ್ದು ಚಾಸಿಗೆ ಮಾತ್ರ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಅದರ ಕೆಳಗಿನ ವೆಲ್ಡಿಂಗ್ ಹುಡುಕಿ. ಕೊರೆದ ಚಾಸಿ ನಂಬರನ್ನು ಬಟ್ಟೆಯಿಂದ ಒರೆಸಿ, ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೊಂದಿಸಿ. ಆಮೇಲೆ ಖಾಲಿ ಗಾಡಿಯನ್ನು ಓಡಿಸಿ ಖುಷಿಪಡಬೇಡಿ, ಖಾಲಿ ಇದ್ದಾಗ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ಇಪ್ಪತ್ತು ಮೂಟೆ ಏರಿಸಿ ಒಂದು ದಿಬ್ಬ ಹತ್ತಿಸಿ. ಮಾರುವವನು ಬೇಡ ಅಂದರೆ ಅದೂ ಒಂದು ಉತ್ತರವೇ.

ಕಾಗದದ ವಿಷಯದಲ್ಲಿ ಕೊಳ್ಳುವವರಿಗಿಂತ ಮಾರುವವರೇ ಹೆಚ್ಚು ಅಸಡ್ಡೆ ಮಾಡುತ್ತಾರೆ. ಕೊಳ್ಳುವವರು ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಎಫ್‌ಸಿ, ಇನ್ಶೂರೆನ್ಸ್, ಸಾಲದ ನಮೂದು ನೋಡಬಹುದು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35 ಮಾಡಿಸಿಕೊಂಡೇ ಮುಂದುವರಿಯಿರಿ. ಕೊಂಡ 14 ದಿನದೊಳಗೆ ಇನ್ಶೂರೆನ್ಸ್ ಹೆಸರು ಬದಲಾವಣೆಗೆ ಅರ್ಜಿ ಕೊಡಿ, 30 ದಿನದೊಳಗೆ ಆರ್‌ಸಿ ವರ್ಗಾವಣೆಗೆ. ನಿಮ್ಮ ಹಳೇ ಪಾಲಿಸಿಯ ನೋ ಕ್ಲೈಮ್ ಬೋನಸ್ ಗಾಡಿಯ ಜೊತೆ ಹೋಗುವುದಿಲ್ಲ, ಅದು ನಿಮ್ಮದು, ಪತ್ರ ಕೇಳಿ ಪಡೆದುಕೊಳ್ಳಿ.

ಮಾರುವಾಗ ಫಾರಂ 29, 30ಕ್ಕೆ ಸಹಿ ಹಾಕಿ, ಕೊಳ್ಳುವವನ ಹೆಸರಿನ ಜಾಗ ಖಾಲಿ ಬಿಟ್ಟು ಬ್ರೋಕರ್ ಕೈಗೆ ಕೊಡುವುದು ನಮ್ಮಲ್ಲಿ ಮಾಮೂಲು. ಆ ಗಾಡಿ ನಾಲ್ಕು ಕೈ ಬದಲಾಯಿಸಿ ಎಲ್ಲೋ ಅಪಘಾತ ಮಾಡಿದರೆ ಪರಿಹಾರದ ಹೊಣೆ ಯಾರದು? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದ್ದರಿಂದ ಹೆಸರು ತುಂಬಿಸಿಯೇ ಸಹಿ ಮಾಡಿ. ಡೆಲಿವರಿ ಪತ್ರದಲ್ಲಿ ತಾರೀಕಿನ ಜೊತೆ ಗಂಟೆಯನ್ನೂ ಬರೆಸಿ, ಕೊಳ್ಳುವವನ ಆಧಾರ್ ಪ್ರತಿ ಇಟ್ಟುಕೊಳ್ಳಿ, 14 ದಿನದೊಳಗೆ ನೀವೇ ಆರ್‌ಟಿಒಗೆ ಮಾರಾಟದ ವಿಷಯ ತಿಳಿಸಿ. ಕೊಂಡವನು ಆರ್‌ಸಿ ಮಾಡಿಸಿಕೊಂಡೆ ಎಂದು ಫೋನಿನಲ್ಲಿ ಹೇಳಿದರೆ ಸಾಲದು, ಆ್ಯಪಿನಲ್ಲಿ ನಿಮ್ಮ ಹಳೇ ನಂಬರ್ ಹಾಕಿ ಮಾಲೀಕರ ಹೆಸರು ಬದಲಾಗಿದೆಯೇ ನೋಡಿ. ಬದಲಾಗುವವರೆಗೆ ಮಾರಾಟದ ಹಣದಲ್ಲಿ ಹತ್ತು ಸಾವಿರವನ್ನಾದರೂ ಬ್ರೋಕರ್ ಹತ್ತಿರವೇ ಬಾಕಿ ಬಿಡುವವರಿದ್ದಾರೆ. ನನಗೆ ಅದಕ್ಕಿಂತ ಕೊಳ್ಳುವವನಿಂದಲೇ ಹತ್ತು ಸಾವಿರ ಡಿಪಾಜಿಟ್ ಇಟ್ಟುಕೊಂಡು, ಹೆಸರು ಬದಲಾದ ದಿನ ವಾಪಸ್ ಕೊಡುವ ಏರ್ಪಾಡು ಸರಿ ಅನಿಸುತ್ತದೆ. ಆಗ ಆರ್‌ಟಿಒಗೆ ಓಡಾಡುವ ಅವಸರ ಅವನಿಗೇ ಇರುತ್ತದೆ.